ಹೆಗಲ ಮೇಲಿನ ಕೈ

ಇಳಕಲ್ಲಿನ ಆ ಹೈಸ್ಕೂಲಿನ ಪುಸ್ತಕದ ಕಪಾಟಿನ ಕೀಲಿ ಹೊಳಬಸಪ್ಪ ಮಾಸ್ತರರಿಗೆ ಸಿಕ್ಕಿದ್ದು ಅವರು ದೊಡ್ಡ ಓದುಗರೆಂದಲ್ಲ, ದೇವರಾಣೆಗೂ ಅಲ್ಲ. ಅವರು ಡ್ರಿಲ್ ಮಾಸ್ತರರು. ಕೊರಳಲ್ಲಿ ಹೇಗೂ ಸೀಟಿಯ ದಾರ ಇರುತ್ತದೆ, ಅದಕ್ಕೇ ಕೀಲಿಯನ್ನೂ ಕಟ್ಟಿದರೆ ಕಳೆಯುವುದಿಲ್ಲ ಎಂದು ಹೆಡ್‌ಮಾಸ್ತರ ರಾಚಯ್ಯನವರು ಕಟ್ಟಿಬಿಟ್ಟರು. ಎಪ್ಪತ್ತೆಂಟನೆಯ ಇಸವಿಯ ಮಾತು ಇದು.

ಮಾಸ್ತರರು ಕೊಟ್ಟ ಕೆಲಸವನ್ನು ಶಿಸ್ತಿನಿಂದಲೇ ಮಾಡಿದರು. ಶನಿವಾರ ಡ್ರಿಲ್ ಮುಗಿದ ಮೇಲೆ ಮಕ್ಕಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸುವುದು, ಪುಸ್ತಕಗಳನ್ನೂ ಎತ್ತರದ ಪ್ರಕಾರ ಜೋಡಿಸುವುದು, ಗಿಡ್ಡರಿಗೆ ಗಿಡ್ಡ ಪುಸ್ತಕ, ಉದ್ದನೆಯವರಿಗೆ ಉದ್ದನೆಯದು. ಯಾರಾದರೂ ಬಾಯಿಬಿಟ್ಟು, "ಇದರಾಗ ಯಾವುದು ಚಲೋ ಐತ್ರಿ ಸರ್?" ಎಂದು ಕೇಳಿದರೆ ಉತ್ತರ ತಯಾರಿತ್ತು.

"ಎಲ್ಲಾ ಚಲೋನ ಅದಾವ. ಸರ್ಕಾರ ಸುಮ್ಮನ ಕಳಸ್ತೈತೇನು? ಮುಂದ ನಡಿ."

ಹೀಗೆ ಒಂಬತ್ತನೆಯ ಇಯತ್ತೆಯ ಶಾರವ್ವನಿಗೆ ಒಂದು ಗಿಡ್ಡ ಪುಸ್ತಕ ಸಿಕ್ಕಿತು. ರಟ್ಟಿನ ಮೂಲೆಯನ್ನು ಇಲಿ ತಿಂದಿತ್ತು. ಮೇಲೆ ಕಂದೀಲು ಹಿಡಿದು ಗವಿಗೆ ನುಗ್ಗುವ ಒಬ್ಬ ಹುಡುಗನ ಚಿತ್ರ. ಶಾರವ್ವ ಮೋಟುದ್ದದ ಹುಡುಗಿ, ಆದರೆ ಖೋಖೋ ಅಂಗಳಕ್ಕೆ ಇಳಿದಳೆಂದರೆ ಅವಳ ಜಡೆಯ ತುದಿಯೂ ಯಾರ ಕೈಗೂ ಸಿಗುತ್ತಿರಲಿಲ್ಲ. ಮಾಸ್ತರರಿಗೆ ಆ ಹುಡುಗಿಯೆಂದರೆ ಹೆತ್ತ ಮಗಳಷ್ಟು ಅಕ್ಕರೆ, ಬಾಯಲ್ಲಿ ಮಾತ್ರ ಬೈಗುಳ.

ಮುಂದಿನ ವಾರ ಶಾರವ್ವನ ಅಪ್ಪ ಅಂದಪ್ಪ ಒಂದು ಹೊಸ ಸೀರೆಯನ್ನು ಹೆಗಲಿಗೆ ಹಾಕಿಕೊಂಡು ಶಾಲೆಗೆ ಬಂದ. ಅವನ ಮನೆಯಲ್ಲಿ ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುವ ನಾಲ್ಕಾರು ಕುಣಿಮಗ್ಗ. ಬಂದವನೇ ಸೀರೆಯನ್ನು ಹೆಡ್‌ಮಾಸ್ತರರ ಮೇಜಿನ ಮೇಲೆ ಹರವಿ, ಅದರ ಮೇಲೆ ಗವಿಯ ಪುಸ್ತಕವನ್ನು ಕುಕ್ಕಿದ.

"ಈ ಸೆರಗು ನೋಡ್ರಿ. ಈ ಹಲ್ಲಿನಂಗ ಬರೂ ತೆನಿ ಒಂದು ಹೆಚ್ಚಾಗೇತಿ. ಇಳಕಲ್ಲಾಗ ಯಾವ ಹೆಣಮಗಳು ಇಂಥಾ ಸೆರಗು ಹೊದೀತಾಳ್ರಿ?"

"ಅದಕ್ಕ ನಾವೇನು ಮಾಡಬೇಕೋ ಅಂದಪ್ಪ?" ಎಂದರು ರಾಚಯ್ಯನವರು.

"ಏನು ಮಾಡಬೇಕು? ನನ್ನ ಮಗಳು ಲಾಳಿಗೆ ಹಾಕೂ ನೂಲಿನ ಕಂಡಿಕಿ ಸುತಗೋತ ಈ ಪುಸ್ತಕ ಗಟ್ಟಿಯಾಗಿ ಓದಾಕತ್ತಿದ್ಲು. ಮನಿಮಂದಿಯೆಲ್ಲಾ ನೇಕೋತ ಕೇಳಾಕತ್ತಿದ್ವಿ. ಆ ಹುಡುಗ ಗವಿಯಾಗ ಹೊಕ್ಕ. ಕಂದೀಲು ಆರಿತು. ಹಿಂದಿನಿಂದ ಹೆಗಲ ಮ್ಯಾಲ ಒಂದು ಕೈ ಬಿತ್ತು! ನನ್ನ ಎದಿ ಧಸ್ಸಂತು. ತೆನಿ ಲೆಕ್ಕ ಅಲ್ಲೇ ತಪ್ಪಿತು. ಪುಸ್ತಕ ಅಲ್ಲೇ ಕಸಗೊಂಡೆ. ನಾಳಿಂದ ಹುಡುಗಿ ಸಾಲಿಗೆ ಬರೂದಿಲ್ಲ. ಓದೂನೂ ಬ್ಯಾಡ, ನಿಮ್ಮ ಖೋಖೋನೂ ಬ್ಯಾಡ."

ಅಲ್ಲೇ ನಿಂತಿದ್ದ ಹೊಳಬಸಪ್ಪ ಮಾಸ್ತರರು ಪುಸ್ತಕವನ್ನು ಸೀರೆಯ ಮೇಲಿಂದ ಎತ್ತಿಕೊಂಡರು. ಗಿಡ್ಡ ಪುಸ್ತಕ ಇಷ್ಟು ಉದ್ದನೆಯ ಕೆಲಸ ಮಾಡೀತೆಂದು ಯಾರು ಕಂಡಿದ್ದರು?

"ಅಂದಪ್ಪಣ್ಣ, ಸಿಟ್ಟಿಗೇಳಬ್ಯಾಡ್ರಿ. ಬ್ಯಾರೆ ಪುಸ್ತಕ ಕೊಡ್ತೇನಿ, ಎದಿ ಧಸ್ ಅನ್ನದಂಥಾದ್ದು," ಎಂದು ಅಂಗಲಾಚಿದರು.

ಆಗ ರಾಚಯ್ಯನವರು ತಾವೇ ಎದ್ದು, ಸದ್ಗುಣದ ಬಾಲಕನೊಬ್ಬನ ಪುಸ್ತಕವನ್ನು ತೆಗೆದುಕೊಟ್ಟು, ಇಂಥದ್ದನ್ನು ಮಕ್ಕಳು ಓದಲೇಬೇಕು ಎಂದು ಭಾಷಣ ಮಾಡಿದರು. ಅವರೂ ಅದನ್ನು ಓದಿರಲಿಲ್ಲ. ಆ ಬಾಲಕ ಮೊದಲ ಪುಟದಲ್ಲಿ ಬೇಗ ಎದ್ದು ಹಲ್ಲುಜ್ಜಿ ಹಿರಿಯರಿಗೆ ನಮಸ್ಕಾರ ಮಾಡುತ್ತಾನೆ. ಕೊನೆಯ ಪುಟದವರೆಗೂ ಮಹಾರಾಯ ಅದನ್ನೇ ಮಾಡುತ್ತಾನೆ.

ವಾರ ಕಳೆಯುವುದರೊಳಗೆ ಅಂದಪ್ಪ ಮತ್ತೆ ಬಂದ.

"ಏನು ಕೊಟ್ರಿ ಇದು? ನನ್ನ ತಮ್ಮ ಕುಣಿಯಾಗ ಕಾಲು ಬಿಟಗೊಂಡು ಮಗ್ಗದ ಮ್ಯಾಲ ತೆಲಿ ಇಟ್ಟು ಗೊರಕಿ ಹೊಡ್ಯಾಕತ್ತಿದ್ದ. ನಮ್ಮವ್ವಂತೂ ರಾಟಿ ಹಿಡಕೊಂಡ ನಿದ್ದಿ! ಒಂದು ಪುಸ್ತಕಕ್ಕ ಅಂಜಿ ಸಾಯಬೇಕು, ಇನ್ನೊಂದಕ್ಕ ನಿದ್ದಿಯಾಗ ಸಾಯಬೇಕು. ಸಾಕು ನಿಮ್ಮ ಸಾಲಿ."

ಸೋಮವಾರ ಶಾರವ್ವ ಬರಲಿಲ್ಲ. ಮಂಗಳವಾರವೂ ಇಲ್ಲ. ಖೋಖೋ ಸಾಲಿನಲ್ಲಿ ಅವಳ ಜಾಗ ಖಾಲಿ ಬಿದ್ದದ್ದನ್ನು ಕಂಡು ಮಾಸ್ತರರು ಬಾಯಿಗಿಟ್ಟ ಸೀಟಿಯನ್ನು ಊದದೆ ಕೆಳಗಿಳಿಸಿದರು. ಎಲ್ಲ ತಮ್ಮಿಂದಲೇ ಆಯಿತೆಂಬ ಸಂಕಟ. ಕಪಾಟಿನಿಂದ ಗವಿಯ ಪುಸ್ತಕವನ್ನು ತೆಗೆದು ಕಂಕುಳಲ್ಲಿ ಇರುಕಿಕೊಂಡು, ಯಾಕೆಂದು ತಮಗೇ ತಿಳಿಯದೆ, ಸಂಜೆ ಅಂದಪ್ಪನ ಮನೆಗೆ ನಡೆದರು.

ಮೂಲೆಯಲ್ಲಿ ಶಾರವ್ವ ಮುಖ ಊದಿಸಿಕೊಂಡು ಕಂಡಿಕೆ ಸುತ್ತುತ್ತಿದ್ದಳು. ಅಂದಪ್ಪ ಪುಸ್ತಕವನ್ನು ನೋಡಿ ಲಾಳಿ ಎಸೆಯುವುದೊಂದು ಬಾಕಿ.

"ಅದನ್ಯಾಕ ತಂದ್ರಿ? ಹೊರಗ ಒಯ್ಯಿರಿ!"

ರಾಟಿಯ ಮುಂದೆ ಕುಳಿತಿದ್ದ ಅವನ ಅವ್ವ ಲಗಮವ್ವ ತಲೆ ಎತ್ತಿದಳು.

"ಬಾಯಿ ಮುಚ್ಚೋ ನೀ. ಮಾಸ್ತರ, ಬಂದದ್ದು ಚಲೋ ಆತು ಬಿಡ್ರಿ. ಅದು ಯಾರ ಕೈರಿ?"

"ಯಾವ ಕೈ ಆಯಿ?"

"ಅಯ್ಯ! ಆ ಹುಡುಗನ ಹೆಗಲ ಮ್ಯಾಲ ಬಿತ್ತಲ್ರಿ, ಆ ಕೈ. ನನಗ ಅವತ್ತಿನಿಂದ ಅನ್ನ ಸೇರವಲ್ದು."

ಮಾಸ್ತರರು ಕೆಮ್ಮಿದರು. ಇಡೀ ಮನೆ ಅವರ ಮುಖವನ್ನೇ ನೋಡುತ್ತಿತ್ತು.

"ನಾ... ಓದಿಲ್ಲ ಆಯಿ."

"ಓದದ ಕೊಟ್ರೇನ್ರಿ?" ಶಾರವ್ವ ಕಿಸಕ್ಕನೆ ನಕ್ಕಳು. ಅವಳ ಚಿಕ್ಕಪ್ಪನೂ ನಕ್ಕ.

ಬೇರೆ ದಾರಿಯಿರಲಿಲ್ಲ. ಮಾಸ್ತರರು ಹೊಸ್ತಿಲ ಹತ್ತಿರ ಕುಳಿತು, ಕೈ ಬಿದ್ದ ಪುಟವನ್ನು ಹುಡುಕಿ ಓದತೊಡಗಿದರು. ಅವರದು ಡ್ರಿಲ್ಲಿನ ಧಾಟಿ. "ಹುಡುಗ! ಹಿಂದಕ್ಕೆ! ತಿರುಗಿದ!" ಎಂದು ಕವಾಯತಿನ ಹುಕುಮು ಕೊಟ್ಟಂತೆ. ಆದರೂ ಲಾಳಿಗಳು ಖಟ್‌ಖಟ್ ಎಂದು ಓಡುತ್ತಲೇ ಇದ್ದವು, ಯಾರೂ ತಪ್ಪಲಿಲ್ಲ, ಯಾರೂ ಮಲಗಲಿಲ್ಲ. ಅದನ್ನು ಮೊದಲು ಕಂಡವಳು ಶಾರವ್ವ.

"ಅಪ್ಪಾ, ಈಗೆಲ್ಲಾರೂ ಬರೇ ಸೀರಿ ಒಡಲು ನೇಯಾಕತ್ತೀರಿ, ಅದಕ್ಕ ತೆನಿ ಲೆಕ್ಕ ಇಲ್ಲ. ಕೈ ತಾನ ನಡೀತೈತಿ. ಒಡಲಿಗೆ ಓದೂಣು, ಸೆರಗಿಗೆ ಬಂದಾಗ ಪುಸ್ತಕ ಮುಚ್ಚೂಣು. ಆತಿಲ್ಲೋ?"

ಅಂದಪ್ಪ ತಲೆ ಕೆರೆದುಕೊಂಡ. ಮಾತು ಖರೆ ಇತ್ತು.

"ಆತು. ಹಂಗಾರ ಪುಸ್ತಕ ಇಲ್ಲೇ ಇಟ್ಟ ಹೋಗ್ರಿ ಮಾಸ್ತರ. ಹುಡುಗಿ ಮನ್ಯಾಗ ಕುಂತು ಓದ್ತಾಳ. ಸಾಲಿಗೆ ಯಾಕ ಹೋಗಬೇಕು?"

ಶಾರವ್ವನ ನಗು ಅಲ್ಲೇ ಆರಿಹೋಯಿತು. ಮರುಕ್ಷಣ ಮಾಸ್ತರರು ಪುಸ್ತಕವನ್ನು ಫಟ್ಟನೆ ಮುಚ್ಚಿ ಎದ್ದು ನಿಂತರು. ಗವಿಯ ಹುಡುಗ ಇನ್ನೂ ಪೂರ್ತಿ ಹಿಂದಕ್ಕೆ ತಿರುಗಿರಲಿಲ್ಲ.

"ಸಾಲಿ ಬಿಟ್ಟವರ ಕೈಯಾಗ ಸಾಲಿ ಪುಸ್ತಕ ಕೊಡಾಕ ಬರೂದಿಲ್ರಿ. ಕಾಯ್ದೆ ಐತಿ."

ಅಂಥ ಕಾಯ್ದೆ ಈ ಭೂಮಿಯ ಮೇಲೆ ಎಲ್ಲೂ ಇರಲಿಲ್ಲ. ಹಿಂತಿರುಗಿ ನೋಡದೆ ಅವರು ಅಂಗಳ ದಾಟಿದರು. ಹಿಂದೆ ಲಾಳಿಗಳು ಒಂದೊಂದಾಗಿ ನಿಂತವು. ಆಮೇಲೆ ಲಗಮವ್ವನ ದನಿ ಓಣಿಯ ತುದಿಯವರೆಗೂ ಕೇಳಿಸಿತು.

"ಏ ಅಂದ್ಯಾ, ನಿನ್ನ ಬಾಯಾಗ ಮಣ್ಣ ಬೀಳ್ಲಿ! ನಾಳಿ ಹುಡುಗಿನ್ನ ಸಾಲಿಗೆ ಕಳಸ್ತೀಯೋ, ನಾನ ಹೋಗ್ಲ್ಯೋ?"

ಮರುದಿನ ಗಂಟೆ ಬಾರಿಸುವ ಮೊದಲೇ ಶಾರವ್ವ ಕಪಾಟಿನ ಮುಂದೆ ಹಾಜರಿದ್ದಳು. ಮಾಸ್ತರರು ಕಪಾಟಿಗೆ ಒರಗಿ ನೆಲದ ಮೇಲೆ ಕುಳಿತಿದ್ದರು. ಸೀಟಿಯ ದಾರ ಗವಿಯ ಪುಸ್ತಕದ ಪುಟಗಳ ನಡುವೆ ಸಿಕ್ಕಿಕೊಂಡಿತ್ತು.

"ಯಾರ ಕೈರಿ ಸರ್?"

"ತಡಿಯವ್ವಾ ತಾಯಿ, ಒಂದೀಟು ಉಳದೈತಿ," ಎಂದು ತಲೆ ಎತ್ತದೆ ಕೈ ಬೀಸಿದರು ಮಾಸ್ತರರು.

ಕೊನೆಗೆ ಪುಸ್ತಕವನ್ನು ಮುಚ್ಚಿ, ಮೂಗು ಒರೆಸಿಕೊಂಡು, ಅವಳ ಕೈಗೆ ಇಟ್ಟರು. ಕಣ್ಣು ಕೆಂಪಾಗಿದ್ದವು.

"ತಗೋ. ಓದು. ಭಾಳ ಚಲೋ ಐತಿ."

"ಸರ್ಕಾರ ಕಳಸೇತಂತೇನ್ರಿ?" ಎಂದು ಹುಡುಗಿ ತುಂಟತನದಿಂದ ಕೇಳಿದಳು.

"ಏ, ಸರ್ಕಾರಕ್ಕೇನು ಗೊತ್ತು?" ಎಂದರು ಹೊಳಬಸಪ್ಪ ಮಾಸ್ತರರು. "ನಾ ಓದೀನಿ."