ಹತ್ತಕ್ಕೆ ಹತ್ತು

ನಮ್ಮ ಹಾಡಿನ ನೋಟ್‌ಬುಕ್ಕಿಗೆ ನಿಯಮ ಮಾಡಿದವನು ನಾನೇ. ಹಾಡನ್ನು ಪೂರ್ತಿ ಬರೆಯಬೇಕು, ಎಲ್ಲಿ ಕೇಳಿದ್ದೆಂದು ಹೇಳಬೇಕು, ಹಾಡಿದವರ ಹೆಸರು ಇರಲೇಬೇಕು, ಕೊನೆಗೆ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಬೇಕು. "ಬಹಳ ಚೆನ್ನಾಗಿದೆ" ಎಂದು ಗೀಚಿ ಕೈತೊಳೆದುಕೊಳ್ಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಇದು ಐವತ್ತೊಂಬತ್ತನೇ ಇಸವಿಯ ಮಾತು. ನಾನು, ಬಸವಯ್ಯ, ಹೆಗ್ಗದ್ದೆಯ ಮೇಲಿನ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಹಾಜರಿ ಹಿಡಿಯುವುದು, ಕೆಲಸ ಹಂಚುವುದು, ಗಂಟೆ ಹೊಡೆಯುವುದು ನನ್ನ ಪಾಲು. ಆಲೂರಿನಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಮುಖ್ತಾರ್, ಮಾರನಹಳ್ಳಿಯ ಶಾಲೆಯ ಮೀನಾಕ್ಷಮ್ಮ ಟೀಚರ್, ನಾನು, ಹೀಗೆ ಮೂರೇ ಜನ. ಗುರುವಾರದ ಬಸ್ಸಿನ ಕಂಡಕ್ಟರ್ ನೋಟ್‌ಬುಕ್ಕನ್ನು ಒಬ್ಬರಿಂದ ಒಬ್ಬರಿಗೆ ಮುಟ್ಟಿಸುತ್ತಿದ್ದ.

ಮುಖ್ತಾರ್ ಒಂದು ಖವ್ವಾಲಿ ಗ್ರಾಮಫೋನ್ ಪ್ಲೇಟಿನ ಬಗ್ಗೆ ಬರೆದಿದ್ದ: "ಅರ್ಧ ಫಾರಸಿ ಭಾಷೆ. ನನಗೆ ತಿಳಿದದ್ದು ಕಾಲು ಭಾಗ. ಆದರೆ ಆ ದೊಡ್ಡ ದನಿಯವನು ಮೇಲಕ್ಕೇರಿದಾಗ ಕೈಯಲ್ಲಿದ್ದ ಬೆಸುಗೆಯ ಕಾದ ಕಬ್ಬಿಣ ಮರೆತು ಮೇಜು ಸುಟ್ಟುಬಿಟ್ಟೆ. ಒಂಬತ್ತು. ಒಂದಂಕ ಮೇಜಿನ ಬಾಬ್ತು ಕಡಿತ." ಟೀಚರದು ಬೇರೆಯೇ ಧಾಟಿ: "ದೇವರನಾಮ, ಮೋಹನ ರಾಗ. ಪಲ್ಲವಿಯಲ್ಲಿ ಭಕ್ತಿ ಇದೆ, ಚರಣಗಳಲ್ಲಿ ಬರೀ ಉಪದೇಶ. ಹಾಡಿದವರು ನಮ್ಮ ಅತ್ತೆ. ಅವರಿಗೆ ನೆಗಡಿಯಾಗಿತ್ತು. ಆರು." ಸಕಲೇಶಪುರದ ಟೆಂಟಿನಲ್ಲಿ ಕೇಳಿದ ಸಿನಿಮಾ ಹಾಡಿಗೆ ಆಕೆ ಮೂರು ಕೊಟ್ಟಾಗ ಮುಖ್ತಾರ್ ಸಿಟ್ಟಾಗಿ ಎರಡು ಪುಟ ಜಗಳ ಬರೆದಿದ್ದ. ನಾನು ಇಬ್ಬರಿಗೂ ತಪ್ಪು ತಿದ್ದಿ ಕಳಿಸಿದೆ. ಯಾವ ಹಾಡಿಗೂ ಏಳರ ಮೇಲೆ ಕೊಟ್ಟವನಲ್ಲ ನಾನು.

ಡಿಸೆಂಬರಿನ ಕೊಯ್ಲಿನಲ್ಲಿ ಹುಲಿಯಮ್ಮನ ಪದ ಕೇಳಿದೆ. ಆಳುಗಳ ಮನೆಗಳ ಸಾಲಿಗೆ ಲೈನ್ ಎನ್ನುತ್ತಿದ್ದೆವು, ಅವಳು ಎರಡನೇ ಲೈನಿನವಳು, ಗಂಡ ಸತ್ತು ಹತ್ತು ವರ್ಷವಾಗಿತ್ತು. ಹಣ್ಣು ಕೊಯ್ಯುತ್ತಾ ಮುಂದಿನ ಸಾಲಿನಲ್ಲಿ ಹಾಡುತ್ತಿದ್ದಳು, ಉಳಿದ ಹೆಂಗಸರು ನಗುತ್ತಾ ದನಿಗೂಡಿಸುತ್ತಿದ್ದರು. ನಾನು ಗಿಡದ ಮರೆಯಲ್ಲಿ ನಿಂತಿದ್ದೆ.

ಕೋಳಿಗಿಂತ ಮುಂಚೆದ್ದು ಓಡೈತೆ ಗಡಿಯಾರ
ಸಂಜೀಗೆ ಕಾಲುಳುಕಿ ಕುಂತೈತೆ – ರೈಟ್ರಯ್ಯ
ನಿನ್ನ ಬೆರಳಿನ ತುದೀಲಿ ಕುಣಿದೈತೆ

ರೈಟ್ರಯ್ಯ ಅಂದರೆ ನಾನೇ. ಸ್ಟೋರಿನ ಗೋಡೆ ಗಡಿಯಾರದ ಮುಳ್ಳನ್ನು ಬೆಳಿಗ್ಗೆ ಅರ್ಧ ಗಂಟೆ ಮುಂದಕ್ಕೆ, ಮಧ್ಯಾಹ್ನ ಒಂದು ಗಂಟೆ ಹಿಂದಕ್ಕೆ ತಿರುಗಿಸಿ ಗಂಟೆ ಹೊಡೆದು, ಆಳುಗಳಿಂದ ದಿನಕ್ಕೊಂದು ಗಂಟೆ ಹೆಚ್ಚು ದುಡಿಸಬೇಕೆಂಬುದು ಧಣಿಯ ಅಪ್ಪಣೆ. ಲೈನಿನಲ್ಲಿ ಯಾರ ಹತ್ತಿರವೂ ಗಡಿಯಾರವಿರಲಿಲ್ಲ, ಆದ್ದರಿಂದ ಯಾರಿಗೂ ಗೊತ್ತಿಲ್ಲವೆಂದು ನಾನು ತಿಳಿದಿದ್ದೆ. ಪದ ಕೇಳಿ ಮುಖ ಬಿಸಿಯಾಯಿತು. ಆದರೆ ಬಿಸಿ ಇಳಿದ ಮೇಲೂ ಪದ ಇಳಿಯಲಿಲ್ಲ. ಮೂರೇ ಸಾಲಿನಲ್ಲಿ ನನ್ನನ್ನು ಹಿಡಿದು ಹಾಕಿದ್ದಳಲ್ಲ! ಅವತ್ತೇ ಕೂತು ಬರೆದೆ. ಪದವನ್ನು ಪೂರ್ತಿ ಬರೆದೆ. "ಹಾಡಿದವರು ಹುಲಿಯಮ್ಮ, ಎರಡನೇ ಲೈನ್, ಮೂರನೇ ಮನೆ. ಇಲ್ಲಿ ಬರುವ ರೈಟರ್ ನಾನು. ಹೇಳಿರುವುದು ಅಕ್ಷರಶಃ ನಿಜ. ಬೈಸಿಕೊಂಡೂ ಮೆಚ್ಚಿದ ಹಾಡು ಇದೊಂದೇ. ಹತ್ತಕ್ಕೆ ಹತ್ತು."

ಬರೆದು ಬೀಗಿದೆ. ನನ್ನನ್ನೇ ಬೈದ ಹಾಡಿಗೆ ಹತ್ತು ಕೊಟ್ಟ ನನ್ನ ದೊಡ್ಡ ಮನಸ್ಸನ್ನು ಇಬ್ಬರೂ ಹೊಗಳಿ ಏನು ಬರೆಯುತ್ತಾರೋ ಎಂದು ಓದುವ ಆತುರ. ನೋಟ್‌ಬುಕ್ಕು ಟೀಚರ ಕೈದಾಟಿ ಮುಖ್ತಾರನ ಹತ್ತಿರ ಸೇರಿದ ಮೇಲೆ, ಅದು ವಾಪಸು ಬರುವ ಗುರುವಾರದವರೆಗೆ ಕಾಯಲಾರದೆ ಅವನಿಗೆ ಕಾಗದ ಹಾಕಿದೆ: ನಮ್ಮ ಎಸ್ಟೇಟ್ ಜೀಪು ಮಂಗಳವಾರ ಆಲೂರಿಗೆ ಬರುತ್ತದೆ, ಟಪ್ಪಾಲು ಚೀಲದಲ್ಲಿ ಹಾಕಿಬಿಡು. ಟಪ್ಪಾಲು ಚೀಲ ಮೊದಲು ಬಿಚ್ಚುವುದು ಧಣಿಯ ಬಂಗಲೆಯಲ್ಲಿ ಎಂಬುದು ಎಂಟು ವರ್ಷ ಅಲ್ಲೇ ದುಡಿದ ನನಗೆ ಗೊತ್ತಿಲ್ಲದ್ದೇನೂ ಅಲ್ಲ. ಹೊಗಳಿಕೆಯ ಆಸೆಗೆ ಬುದ್ಧಿ ಮಂಕಾಗಿತ್ತು, ಅಷ್ಟೇ.

ಬುಧವಾರ ಬೆಳಿಗ್ಗೆ ಹಾಜರಿ ಮುಗಿಯುವ ಹೊತ್ತಿಗೆ ಬಂಗಲೆಯಿಂದ ಕರೆ ಬಂತು. ಧಣಿ ಜಗಲಿಯ ಕುರ್ಚಿಯಲ್ಲಿ ಕೂತಿದ್ದರು, ತೊಡೆಯ ಮೇಲೆ ನಮ್ಮ ನೋಟ್‌ಬುಕ್ಕು ತೆರೆದಿತ್ತು. ಮೆಟ್ಟಿಲ ಕೆಳಗೆ ಹುಲಿಯಮ್ಮ ಸೆರಗು ಹೊದ್ದು ನಿಂತಿದ್ದಳು. ಏಕೆ ಕರೆಸಿದ್ದಾರೆಂದು ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಾಯಿತು.

ಧಣಿ ನನ್ನ ಬರಹವನ್ನು ಗಟ್ಟಿಯಾಗಿ, ಒಂದೊಂದೇ ಮಾತು ಬಿಡಿಸಿ ಓದಿದರು. "ಹೇಳಿರುವುದು ಅಕ್ಷರಶಃ ನಿಜ" ಎಂಬಲ್ಲಿಗೆ ಬಂದಾಗ ನಿಲ್ಲಿಸಿ ನನ್ನನ್ನು ನೋಡಿದರು.

"ಇದು ಹಾಸನದ ಲೇಬರ್ ಆಫೀಸರ ಕೈಗೆ ಸಿಕ್ಕಿದ್ರೆ ಏನಾಗ್ತಿತ್ತು ಬಸವಯ್ಯ?"

ಉತ್ತರಕ್ಕೆ ಕಾಯದೆ ಹುಲಿಯಮ್ಮನ ಕಡೆ ತಿರುಗಿದರು.

"ಏನಮ್ಮ, ಈ ಪದ ನೀನು ಹಾಡ್ತೀಯೇನು?"

ಹುಲಿಯಮ್ಮ ಒಮ್ಮೆ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಾಗಿತ್ತು. ಅವಳ ಮಗಳು ಚೆಲುವಮ್ಮ ಚೊಚ್ಚಲ ಹೆರಿಗೆಗೆಂದು ತಾಯಿಯ ಹತ್ತಿರ ಬಂದಿದ್ದಳು, ದಿನ ತುಂಬುತ್ತಿತ್ತು. ಲೈನಿನ ಆ ಒಂದು ಕೋಣೆ ಬಿಟ್ಟರೆ ತಾಯಿ ಮಗಳಿಗೆ ಬೇರೆ ಸೂರಿರಲಿಲ್ಲ. ಇದೆಲ್ಲ ಹಾಜರಿ ಹಿಡಿಯುವ ನನಗೆ ಚೆನ್ನಾಗಿ ಗೊತ್ತಿತ್ತು. ಬರೆಯುವಾಗ ಮಾತ್ರ ನೆನಪಾಗಿರಲಿಲ್ಲ.

"ಹಾಡ್ತೀನಿ ಬುದ್ದಿ. ಆದ್ರೆ ನೀವು ಓದಿದ್ ಥರ ಅಲ್ಲ" ಎಂದಳು. ನಿಂತಲ್ಲೇ ಹಾಡಿದಳು.

ಕೋಳಿಗಿಂತ ಮುಂಚೆದ್ದು ಬಂದವ್ನೆ ಸೂರ್ಯಪ್ಪ
ಸಂಜೀಗೆ ಕೆಂಪೇರಿ ನಿಂತವ್ನೆ – ನಮ್ಮವ್ವ
ಹಣ್ಣಿನ ಬುಟ್ಟೀಲಿ ನಗುತವ್ನೆ

ಧಾಟಿ ಅದೇ, ಅರ್ಥ ಪೂರ್ತಿ ಬೇರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಕಟ್ಟಿಬಿಟ್ಟಿದ್ದಳು. ಅಂಥ ಹೊತ್ತಿನಲ್ಲೂ ನನ್ನೊಳಗಿನ ಅಂಕ ಹಾಕುವವನು ಸುಮ್ಮನಿರಲಿಲ್ಲ. ಮೂರನೇ ಸಾಲು ಸ್ವಲ್ಪ ಸಪ್ಪೆ, ಎಂಟು ಕೊಡಬಹುದು ಎಂದ. ನನ್ನ ಬಗ್ಗೆ ನನಗೇ ಅಸಹ್ಯವಾಯಿತು.

"ಹಾಗಾದ್ರೆ ಈ ಗಡಿಯಾರದ ಪದ ಕಟ್ಟಿದ್ದು ಯಾರು?" ಧಣಿಯ ದನಿ ಏರಲಿಲ್ಲ.

ದಾರಿ ಇದೊಂದೇ ಇತ್ತು. ಅವಳೇ ತೆರೆದುಕೊಟ್ಟಿದ್ದಳು.

"ನಾನು ಸ್ವಾಮಿ" ಎಂದೆ. "ಧಾಟಿ ಅವಳದು. ಮಾತು ನನ್ನದು. ತಮಾಷೆಗೆ ಕಟ್ಟಿ ಅವಳ ಹೆಸರು ಹಾಕಿಬಿಟ್ಟೆ. ಅವಳದೇನೂ ತಪ್ಪಿಲ್ಲ."

ಧಣಿ ನೋಟ್‌ಬುಕ್ಕು ಮುಚ್ಚಿದರು. ಮುಗಿಯಿತು, ಹೋದರೆ ನನ್ನ ಕೆಲಸವೊಂದು ಹೋಗುತ್ತದೆ ಎಂದುಕೊಂಡೆ. ಒಂದು ಕ್ಷಣ ಹಗುರವೂ ಆಯಿತು. ಅವರು ನಕ್ಕರು.

"ಇಷ್ಟು ದಿನ ನಮ್ಮ ರೈಟರು ಪದ ಕಟ್ತಾನೆ ಅಂತ ಗೊತ್ತೇ ಇರ್ಲಿಲ್ಲ. ಎಲ್ಲಿ, ಇದೇ ಧಾಟೀಲಿ ಇನ್ನೊಂದು ಕಟ್ಟು. ಈಗಲೇ. ಗಡಿಯಾರ ಬೇಡ, ನನ್ನ ಮೇಲೇ ಕಟ್ಟು. ಬೈದ್ರೂ ಪರವಾಗಿಲ್ಲ."

ಮೂರು ಸಾಲು. ಮೂರೇ ಸಾಲು ಬೇಕಿತ್ತು ನನಗೆ. ಅದೆಷ್ಟು ಹಾಡುಗಳಿಗೆ ತಪ್ಪು ಹಿಡಿದಿದ್ದೆ, ಎಷ್ಟು ಜನರ ಚರಣ ಉದ್ದವಾಯಿತೆಂದು ಬರೆದಿದ್ದೆ! "ಬಂಗ್ಲೇಯ ಜಗಲೀಲಿ" ಎಂದು ಶುರುಮಾಡಿದೆ. ಮುಂದೆ ಏನೂ ಬರಲಿಲ್ಲ. "ಬಂಗ್ಲೇಯ ಜಗಲೀಲಿ ಕುಂತವ್ರೆ ನಮ್ಮ ಧಣಿ" ಎಂದೆ. ಬಾಯಿ ಅಲ್ಲಿಗೇ ನಿಂತಿತು. ಎರಡನೇ ಸಾಲಿಗೆ ಮೂರನೆಯದರ ತುದಿ ಹೊಂದಬೇಕು, ರಾಗ ಅಲ್ಲಿ ಮೇಲೇಳಬೇಕು, ಎಲ್ಲ ಗೊತ್ತು. ಗೊತ್ತಿದ್ದದ್ದು ಅಷ್ಟೇ. ಧಣಿ ಆರಾಮಾಗಿ ಕಾಯುತ್ತಿದ್ದರು, ಅಂಗಳದ ಕೆಲಸದವರೂ ಕೈ ನಿಲ್ಲಿಸಿ ನೋಡುತ್ತಿದ್ದರು. ಮತ್ತೆ ಮೊದಲಿನಿಂದ ಹೇಳಿದೆ. ಮತ್ತೆ ಅಲ್ಲೇ ನಿಂತೆ.

"ಸಾಕು ಬುಡಿ ಬುದ್ದಿ" ಎಂದಳು ಹುಲಿಯಮ್ಮ. "ಅವ್ರಿಗೆ ಕಟ್ಟಾಕೆ ಬರಾಕಿಲ್ಲ. ಅದು ನಂದೇ."

"ಯಾವುದು?"

"ಗಡಿಯಾರದ್ದು."

ನಾನು "ಇಲ್ಲ ಸ್ವಾಮಿ" ಎಂದು ಕೂಗಿದೆ. ಅವಳು ನನ್ನ ಕಡೆ ತಿರುಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಗಡಿಯಾರದ ಪದವನ್ನು ಮೊದಲಿಂದ ಕೊನೆಯವರೆಗೆ ಹಾಡಿದಳು. ಗಿಡದ ಮರೆಯಲ್ಲಿ ಕೇಳಿದ್ದಕ್ಕಿಂತ ಎಷ್ಟೋ ಚೆನ್ನಾಗಿ ಹಾಡಿದಳು. ಅಂಗಳದಲ್ಲಿ ಯಾರೂ ನಗಲಿಲ್ಲ.

ಧಣಿ ಎದ್ದು ನಿಂತರು. "ನಾಳೆ ಹೊತ್ತು ಮುಳುಗೋದ್ರೊಳಗೆ ಮನೆ ಖಾಲಿ ಮಾಡು" ಎಂದಷ್ಟೇ ಹೇಳಿದರು. ಮಗಳು ಬಸುರಿ, ಹೆರಿಗೆಯವರೆಗಾದರೂ ಬಿಡಿ ಎಂದು ನಾನು ಕಾಲಿಗೆ ಬಿದ್ದೆ. ಕಾಲು ಹಿಂದಕ್ಕೆ ಎಳೆದುಕೊಂಡರು. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಮುಳ್ಳು ತಿರುಗಿಸುವ ಕೈಯನ್ನು ಹೊರಗೆ ಹಾಕಿದರೆ ಬಾಯಿಯೂ ಜೊತೆಗೇ ಹೋಗುತ್ತದೆಂದು ಅವರಿಗೆ ಗೊತ್ತಿತ್ತು. ನಾನೂ ಕೆಲಸ ಬಿಡಲಿಲ್ಲ. ಏಕೆ ಬಿಡಲಿಲ್ಲ ಎಂದರೆ ಹೆದರಿಕೆ, ಬೇರೆ ಕಾರಣ ಹುಡುಕಿದರೆ ಸುಳ್ಳಾಗುತ್ತದೆ.

ಮರುದಿನ ಮಧ್ಯಾಹ್ನ ಲೈನಿಗೆ ಹೋದೆ. ಪಾತ್ರೆಗಳನ್ನು ಗೋಣಿಯಲ್ಲಿ ತುಂಬಿ ಬಾಯಿ ಹೊಲಿಯುತ್ತಿದ್ದಳು. ಚೆಲುವಮ್ಮ ಗೋಡೆಗೆ ಒರಗಿ, ಕಾಲು ಚಾಚಿ, ಎರಡೂ ಕೈ ಹೊಟ್ಟೆಯ ಮೇಲಿಟ್ಟು ಕೂತಿದ್ದಳು. ಕ್ಷಮಿಸು ಎನ್ನಲು ಹೋದವನು ಬೇರೆ ಮಾತೆತ್ತಿದೆ.

"ಎಲ್ಲಿಗೆ ಹೋಗ್ತೀರಿ?" ಎಂದೆ.

"ಮಾರನಳ್ಳಿ ಕಡೆ ಯಾವ್ದಾರ ತೋಟ ಸಿಕ್ತೈತೇನೋ ನೋಡಾನ." ದಬ್ಬಳ ಎಳೆದು ದಾರ ಕಚ್ಚಿ ತುಂಡರಿಸಿದಳು. "ಅಲ್ಲ ರೈಟ್ರಯ್ಯ, ಧಣಿ ಓದಿದ್ದು ನಂಗೆ ಸರಿಯಾಗಿ ಕೇಳ್ಳಿಲ್ಲ. ನನ್ ಪದದ ಮ್ಯಾಲೆ ಕೊನೀಗೆ ಏನಂತ ಬರ್ದಿದ್ರಿ?"

ನನಗೆ ಬಾಯಿಪಾಠವಾಗಿತ್ತು. ಬೈಸಿಕೊಂಡೂ ಮೆಚ್ಚಿದ ಹಾಡು ಇದೊಂದೇ, ಹತ್ತಕ್ಕೆ ಹತ್ತು ಎಂದು ಹೇಳಿದೆ.

"ಹತ್ತು ಅಂದ್ರೆ ಜಾಸ್ತೀನಾ?"

"ಅದಕ್ಕಿಂತ ಮೇಲೆ ಇಲ್ಲ."

ಅವಳ ಮುಖದಲ್ಲಿ ಸಂತೋಷ ಕಾಣಿಸಿತು. ನಿಜವಾಗಿ ಕಾಣಿಸಿತು, ಅದನ್ನೇ ನನಗೆ ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು ಗೋಣಿಗೆ ಕೈಹಾಕಿದೆ. "ಬ್ಯಾಡ ಬುಡಿ" ಎಂದು ತಾನೇ ತಲೆಗೆ ಎತ್ತಿಕೊಂಡಳು. ಮಗಳನ್ನು ಕೈಹಿಡಿದು ಎಬ್ಬಿಸಿದಳು.

"ಬರೀಬೇಕು ಅಂದಾಗ ನನ್ನೊಂದ್ ಮಾತು ಕೇಳ್ಬಾರ್ದಿತ್ತಾ?"

"ಕೇಳಿದ್ದರೆ ನೀನು ಬೇಡ ಅಂತಿದ್ದೆ, ಅಲ್ವಾ?"

"ಯಾಕ್ ಬ್ಯಾಡ ಅನ್ಲಿ? ಬರೀರಿ ಅಂತ್ಲೇ ಅಂತಿದ್ದೆ" ಎಂದಳು ಹುಲಿಯಮ್ಮ. "ನಮ್ಮ ಚೆಲುವಿ ಹೆತ್ತಾದ್ಮ್ಯಾಲೆ ಬರೀರಿ ಅಂತಿದ್ದೆ."

ಹೆರಿಗೆಗೆ ಇನ್ನು ಹದಿನೈದು ದಿನವಿತ್ತು.