ಹೊನ್ನೂರಪ್ಪನ ಬಾಯಿ ಸೇರಿದ ಮೂಳೆ

ನಾನು ಒಂದು ಚಿಟಿಕೆ ಮೂಳೆಪುಡಿ. ಹುಟ್ಟಿದ್ದು ಒಬ್ಬ ಮನುಷ್ಯನ ತೊಡೆಯಲ್ಲಿ. ಆತ ತೀರಿಕೊಂಡ ಮೇಲೆ ಮನೆಯವರು ನನ್ನನ್ನು ದಾನ ಕೊಟ್ಟರು. ದಾನ ಪಡೆದವರು ತೊಳೆದು, ಒಣಗಿಸಿ, ಪುಡಿ ಮಾಡಿ ಸೀಸೆಗೆ ತುಂಬಿದರು. ಸೀಸೆಯ ಮೇಲೆ ಒಂದು ನಂಬರು ಬಂತು. ಹೆಸರು ತೊಳೆದ ನೀರಿನಲ್ಲೇ ಹೋಗಿತ್ತು.

ದಾವಣಗೆರೆಯ ಒಂದು ಹಲ್ಲಿನ ಆಸ್ಪತ್ರೆಯ ಕಪಾಟಿನಲ್ಲಿದ್ದಾಗ, ಬ್ಯಾಂಡ್‌ಸೆಟ್ಟಿನ ಹೊನ್ನೂರಪ್ಪ ನನ್ನೆದುರು ಬಾಯಿ ತೆರೆದು ಕುಳಿತ. ಮೇಲಿನ ಮುಂಹಲ್ಲು ಹೋಗಿ ನಾಲ್ಕು ವರ್ಷ. ಕ್ಲಾರಿಯೋನೆಟ್ ನಿಲ್ಲುವುದೇ ಆ ಹಲ್ಲಿನ ಆಸರೆಯಲ್ಲಿ. ಮೆರವಣಿಗೆಯ ಮುಂದೆ ನಿಂತು ಊದುತ್ತಿದ್ದವನು ಈಗ ಹಿಂದಿನ ಸಾಲಿನಲ್ಲಿ ಗಿಲಕಿ ಅಲ್ಲಾಡಿಸುತ್ತಿದ್ದ. ಹಲ್ಲಿಲ್ಲದ ಕಡೆ ದವಡೆಯ ಮೂಳೆಯೂ ಕರಗಿ ತಗಡಿನಂತಾಗಿತ್ತು.

"ಮೊದಲು ಮೂಳೆ ತುಂಬಬೇಕು. ಆರು ತಿಂಗಳಾದ ಮೇಲೆ ಸ್ಕ್ರೂ, ಆಮೇಲೆ ಹಲ್ಲು," ಎಂದರು ಡಾಕ್ಟರಮ್ಮ.

"ಯಾರ ಮೂಳೆ ಮೇಡಂ?"

"ತೀರಿಕೊಂಡೋರು ಯಾರದೋ. ಹೆಸರು ನಮಗೂ ಗೊತ್ತಿಲ್ಲ."

ಹೊನ್ನೂರಪ್ಪ ಬಾಯಿ ಮುಚ್ಚಿದ. ಗಿಲಕಿ ನೆನಪಾಗಿ ಮತ್ತೆ ತೆರೆದ.

ಒಸಡು ಬಿಡಿಸಿ, ಅವನದೇ ರಕ್ತದಲ್ಲಿ ನನ್ನನ್ನು ಕಲಸಿ ತುಂಬಿ, ಮೇಲೊಂದು ತೆಳುಪೊರೆ ಹೊದಿಸಿ ಹೊಲಿದರು. ತುಟಿ ಬಾತು ಮುಖದ ಗುರುತೇ ಸಿಗಲಿಲ್ಲ. ಊಟಕ್ಕೆ ಗಂಜಿ. ನಾಲಿಗೆ ತಾಗಿಸಬಾರದು, ಬೀಡಿ ಸೇದಬಾರದು, ಎಲ್ಲಕ್ಕಿಂತ ಮುಖ್ಯವಾಗಿ ಊದಬಾರದು.

"ಒಳಗಿರೋ ಪುಣ್ಯಾತ್ಮ ಏನಾರ ಮಾತಾಡ್ತಾನೇನ್ರಿ?" ಎಂದು ಹೆಂಡತಿ ನೀಲವ್ವ ಕೆಣಕಿದಳು.

"ನಗಸಬ್ಯಾಡ, ಹೊಲಿಗೆ ಹರೀತಾವು."

ಎಂಟನೆಯ ದಿನ ಮಹಾಲಯ ಅಮಾವಾಸ್ಯೆ, ಸತ್ತವರಿಗೆ ಎಡೆ ಇಡುವ ದಿನ. ನೀಲವ್ವ ಮಾವನ ಎಲೆಯ ಪಕ್ಕ ಇನ್ನೊಂದು ಎಲೆ ಹಾಕಿದಳು.

"ಇದ್ಯಾರಿಗೆ?"

"ನಿಮ್ಮ ಬಾಯಾಗಿರೋರಿಗೆ. ಅವರ ಮನ್ಯಾಗೆ ಇಕ್ಕಿದಾರೋ ಇಲ್ವೋ."

ಆ ಮನೆಯಲ್ಲಿ ಎಡೆಯ ಮುಂದೆ ಕ್ಲಾರಿಯೋನೆಟ್ ಊದದೆ ಯಾರೂ ಉಣ್ಣುವಂತಿಲ್ಲ. ಹಲ್ಲು ಹೋದ ಮೇಲೂ, ಅಪಸ್ವರವಾದರೂ, ಹೊನ್ನೂರಪ್ಪ ಅದನ್ನು ತಪ್ಪಿಸಿರಲಿಲ್ಲ. "ಒಂದೇ ಉಸಿರು," ಎಂದು ಊದಿಯೇಬಿಟ್ಟ. ಹೊಲಿಗೆ ಬಿಚ್ಚಿತು. ರಕ್ತದೊಂದಿಗೆ ಅರ್ಧದಷ್ಟು ನಾನು ಹೊರಬಂದು ಬಿದ್ದದ್ದು ಆ ಹೊಸ ಎಲೆಯ ಮೇಲೆ. ನನಗೆ ಇಕ್ಕಿದ ಅನ್ನದ ಮೇಲೆ ನಾನೇ. ನೀಲವ್ವ ಎಲೆಯನ್ನು ಮಾಳಿಗೆಯ ಮೇಲಿಟ್ಟು ಬಂದಳು. ಕಾಗೆ ತಡಮಾಡಲಿಲ್ಲ.

"ನಾನೇನು ಹೇಳಿದ್ದೆ, ನೀವೇನು ಮಾಡಿದ್ರಿ?" ಬೈಯುತ್ತಲೇ ಡಾಕ್ಟರಮ್ಮ ಮತ್ತೆ ಹೊಲಿದರು. "ಉಳಿದಿದ್ದು ಸಾಕಾಗುತ್ತೋ ಇಲ್ವೋ, ಕಾದು ನೋಡಬೇಕು."

ಕಾದ. ಅಷ್ಟರಲ್ಲಿ ಅವನ ಮೂಳೆ ನನ್ನನ್ನು ಸಾವಕಾಶವಾಗಿ ತಿಂದು, ನಾನಿದ್ದಲ್ಲಿ ತಾನು ಕುಳಿತಿತ್ತು. ಎಕ್ಸ್‌ರೇಯಲ್ಲಿ ಒಂದು ಸಣ್ಣ ಸ್ಕ್ರೂಗೆ ಆಗುವಷ್ಟು ಜಾಗ ಕಂಡಿತು. ಇನ್ನಷ್ಟು ತಿಂಗಳಿಗೆ ಹಲ್ಲೂ ಕೂತಿತು.

ಈಗ ನಾನೆಂದರೆ ನಾಲ್ಕೈದು ಹರಳು. ಮೊನ್ನೆ ಅವನು ಹೊಸ ಹಲ್ಲಿಗೆ ಕ್ಲಾರಿಯೋನೆಟ್ ಆನಿಸಿ ಮೊದಲ ಸಲ ಊದಿದ. ನಾದ ಹಲ್ಲನ್ನು ಹಾದು ನನ್ನವರೆಗೆ ಬಂತು.

"ಇದ್ಯಾವ ಹಾಡ್ರಿ? ಕುಂಟಿದಂಗೈತಲ್ಲ," ಎಂದಳು ನೀಲವ್ವ.

"ಗೊತ್ತಿಲ್ಲ. ಬೆರಳಿಗೆ ಬಂತು."

ತೊಡೆಯ ಮೂಳೆಗೆ ಹಾಡು ತಿಳಿಯುವುದಿಲ್ಲ. ಆ ಕುಂಟು ಮಾತ್ರ ನನಗೆ ಗೊತ್ತಿತ್ತು. ನಾನು ಹೊತ್ತು ತಿರುಗಿದ ಆ ಮನುಷ್ಯ ಐವತ್ತು ವರ್ಷ ಹಾಗೆಯೇ ನಡೆದಿದ್ದ.