ಸಂಬಂಧಿಕರಲ್ಲದ ಒಬ್ಬರು

ಅಮ್ಮ ತೀರಿಕೊಂಡ ಮೇಲೆ ಅವಳ ಕೈಗೆ ಕೆಲಸವೇ ಇಲ್ಲದಂತಾಯಿತು. ಹಾಸಿಗೆ ಹಿಡಿದ ಅಮ್ಮನನ್ನು ಮಗ್ಗುಲು ಹೊರಳಿಸುವುದು, ಮೈ ಒರೆಸುವುದು, ತುತ್ತು ಮಾಡಿ ತಿನ್ನಿಸುವುದು, ಇದರಲ್ಲೇ ವರ್ಷಗಳು ಸರಿದುಹೋಗಿದ್ದವು. ಮದುವೆಯ ಮಾತು ಒಂದೆರಡು ಸಲ ಎದ್ದು ತಾನಾಗಿಯೇ ತಣ್ಣಗಾಗಿತ್ತು. ನಲವತ್ತು ದಾಟಿದರೂ ಮನೆಯವರ ಬಾಯಲ್ಲಿ ಅವಳಿನ್ನೂ ಪುಟ್ಟಿ. ಗೊತ್ತಿದ್ದ ಕೆಲಸ ಅದೊಂದೇ. ಹಾಗಾಗಿ ವೃದ್ಧರ ಆರೈಕೆ ಕೇಂದ್ರಕ್ಕೆ ಸಹಾಯಕಿ ಬೇಕಂತೆ ಎಂದು ಕಿವಿಗೆ ಬಿದ್ದಾಗ ಹೋಗಿ ಅರ್ಜಿ ತಂದಳು.

ಎಲ್ಲ ತುಂಬಿದ ಮೇಲೆ ಒಂದು ಕಡೆ ಪೆನ್ನು ನಿಂತಿತು. ನಿಮ್ಮ ಸ್ವಭಾವ ಬಲ್ಲ, ಸಂಬಂಧಿಕರಲ್ಲದ ಒಬ್ಬರ ಹೆಸರು, ಫೋನ್ ನಂಬರು, ಸಹಿ.

ಔಷಧಿ ಅಂಗಡಿಯವನನ್ನು ಕೇಳಿದಳು. "ಮೇಡಂ, ನೀವು ಬರ್ತೀರಿ, ಚೀಟಿ ಕೊಡ್ತೀರಿ, ಹೋಗ್ತೀರಿ. ನಿಮ್ಮ ಬಗ್ಗೆ ಏನಂತ ಹೇಳ್ಲಿ? ಚಿಲ್ಲರೆಗೆ ತಕರಾರು ಮಾಡಲ್ಲ ಅಂತ ಹೇಳ್ಲಾ?" ಎಂದು ನಕ್ಕ. ಅವಳೂ ನಕ್ಕು ಹೊರಬಂದಳು. ಅಮ್ಮನನ್ನು ನೋಡುತ್ತಿದ್ದ ಡಾಕ್ಟರು ಊರು ಬಿಟ್ಟಿದ್ದರು. ಪಕ್ಕದ ಮನೆಯವರು ಮೊನ್ನೆ ಮೊನ್ನೆ ಬಂದವರು. ಇದ್ದ ಗೆಳತಿಯರೆಲ್ಲ ಯಾವಾಗ ದೂರವಾದರೋ ಅವಳಿಗೇ ತಿಳಿಯದು.

ಆಗ ನೆನಪಾದವರು ಅತ್ತಿಗೆ. ಅಣ್ಣ ಬೇರೊಬ್ಬಳ ಸಹವಾಸಕ್ಕೆ ಬಿದ್ದ ಮೇಲೆ ವಿಚ್ಛೇದನವಾಗಿ ಹೋದವರು. ಅದಕ್ಕೂ ಮೊದಲು ಇಬ್ಬರೂ ಸೇರಿಯೇ ಅಮ್ಮನನ್ನು ಎತ್ತಿ ಕೂರಿಸುತ್ತಿದ್ದರು. ಕಾನೂನಿನ ಲೆಕ್ಕದಲ್ಲಿ ಈಗ ಅವರು ಸಂಬಂಧಿಕರಲ್ಲ.

ಅತ್ತಿಗೆ ಒಂದು ಡ್ರೈ ಕ್ಲೀನಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಇಸ್ತ್ರಿ ಮಾಡುತ್ತಿದ್ದರು. ತಲೆಯ ಮೇಲೆ ಸಾಲುಸಾಲಾಗಿ ಕೋಟುಗಳು ತೂಗುತ್ತಿದ್ದವು. ಅವಳನ್ನು ಕಂಡವರೇ ಮುಖ ಅರಳಿಸಿದರು.

"ಅಯ್ಯೋ ಪುಟ್ಟಿ! ಎಷ್ಟು ಸೊರಗಿದೀಯೇ! ಬಾ, ಆ ಬಟ್ಟೆ ಗಂಟಿನ ಮೇಲೇ ಕೂತ್ಕೋ. ಅಮ್ಮನ್ನ ಯಾರ ಹತ್ರ ಬಿಟ್ಟು ಬಂದೆ?"

ಅವಳು ಗಂಟಿನ ಮೇಲೆ ಮೆಲ್ಲಗೆ ಕುಳಿತಳು. ಯಾರೋ ತಿಳಿಸಿರುತ್ತಾರೆ ಎಂದೇ ಅಂದುಕೊಂಡಿದ್ದಳು. ಎಲ್ಲರಿಗೂ ತಾನೇ ಫೋನ್ ಮಾಡಿದ್ದಾಗಿ ಅಣ್ಣ ಹೇಳಿದ್ದ.

"ಅತ್ತಿಗೆ... ಅಮ್ಮ ಹೋಗಿಬಿಟ್ರು. ಚಳಿಗಾಲದಲ್ಲೇ."

ಅತ್ತಿಗೆ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟು ಸ್ವಿಚ್ ಆರಿಸಿದರು. ಯಾರದ್ದೋ ಅಂಗಿಯ ತೋಳನ್ನು ಅಂಗೈಯಿಂದ ಸವರುತ್ತಲೇ ನಿಂತರು.

"ನನಗೂ ಒಂದು ಮಾತು ತಿಳಿಸ್ಬೇಕು ಅಂತ ಯಾರಿಗೂ ಅನ್ನಿಸ್ಲಿಲ್ವೇನೇ?"

ಅವಳು ತಲೆ ತಗ್ಗಿಸಿದಳು.

"ಹೋಗ್ಲಿ ಬಿಡು. ಕೊನೇಲಿ ನನ್ನ ಕೇಳಿದ್ರಾ?"

ಹೂಂ ಎಂದುಬಿಡಬಹುದಿತ್ತು. ಆ ಮುಖ ನೋಡಿಕೊಂಡು ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ಕೊನೆಕೊನೆಗೆ ಯಾರ ಗುರುತೂ ಸಿಗ್ತಿರ್ಲಿಲ್ಲ ಅತ್ತಿಗೆ. ನನ್ನನ್ನೇ ನೀವ್ಯಾರು ಅಂತ ಕೇಳ್ತಿದ್ರು."

ಅತ್ತಿಗೆ ಬಂದು ಅವಳ ಪಕ್ಕ ಕುಳಿತು ಬೆನ್ನ ಮೇಲೆ ಕೈಯಿಟ್ಟರು. ಅಮ್ಮ ಸತ್ತ ದಿನವೂ ಅಳದಿದ್ದವಳು ಆಗ ಬಿಕ್ಕಿಬಿಕ್ಕಿ ಅತ್ತಳು. ಮುಂದಿನ ಅಂಗಡಿಯಿಂದ ಮಾಲೀಕರು ಇಣುಕಿ ನೋಡಿ ಬಾಗಿಲು ಎಳೆದುಕೊಂಡರು.

ಅರ್ಜಿಯ ವಿಷಯ ಎತ್ತಲು ಅವಳಿಗೆ ನಾಚಿಕೆಯಾಯಿತು. ಕೈಯಲ್ಲಿದ್ದ ಕಾಗದವನ್ನು ಅತ್ತಿಗೆಯೇ ಇಸಿದುಕೊಂಡು ಓದಿದರು.

"ಸಂಬಂಧಿಕರಲ್ಲ ಅನ್ನೋದಕ್ಕೆ ಇಲ್ಲಿ ಗುರುತು ಹಾಕ್ಬೇಕಾ?"

"ಬೇಡ ಬಿಡಿ ಅತ್ತಿಗೆ. ಬೇರೆ ಯಾರನ್ನಾದ್ರೂ ಕೇಳ್ತೀನಿ."

"ಬೇರೆ ಯಾರಿದಾರೆ ನಿನಗೆ?" ಎಂದವರು ಗುರುತು ಹಾಕಿ, ಸಹಿ ಮಾಡಿ, ನಂಬರು ಬರೆದರು. ಆಮೇಲೆ ಕಾಗದ ಕೊಡುತ್ತಾ ಮೆಲ್ಲಗೆ ಅಂದರು, "ಫೋನ್ ಬಂದ್ರೆ ನಿನ್ನ ಬಗ್ಗೆ ಇರೋದನ್ನೆಲ್ಲ ಬಾಯ್ತುಂಬ ಹೇಳ್ತೀನಿ. ಆದ್ರೆ ಇಲ್ಲಿಗೆ ಮತ್ತೆ ಬರ್ಬೇಡ ಕಣೇ. ನೀನು ಬಂದ್ರೆ ಆ ಮನೆಯೆಲ್ಲ ನಿನ್ನ ಹಿಂದೇನೇ ಬಂದುಬಿಡುತ್ತೆ. ನಾನಿನ್ನು ತಡ್ಕೊಳ್ಳಲಾರೆ."

ಕೆಲಸ ಸಿಕ್ಕಿತು. ಕೇಂದ್ರದ ಮೇಲ್ವಿಚಾರಕಿ ಮೊದಲ ದಿನವೇ, "ನಿಮ್ಮ ಬಗ್ಗೆ ಎಷ್ಟು ಹೊತ್ತು ಮಾತಾಡಿದ್ರು ಗೊತ್ತಾ ಅವರು! ಫೋನ್ ಇಡೋಕೇ ಬಿಡ್ಲಿಲ್ಲ" ಎಂದರು. ಸುದ್ದಿ ತಿಳಿಸಲು ಅವಳು ಸಂಜೆ ಅತ್ತಿಗೆಗೆ ಫೋನ್ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಇನ್ನೊಮ್ಮೆ ಮಾಡಲು ಹೋಗಲಿಲ್ಲ. ಕೆಲಸದ ಬಟ್ಟೆ ಬದಲಿಸಿಕೊಂಡು, ಮನೆಗೆ ಹೋಗುವ ಬಸ್ಸಿಗಾಗಿ ನಿಲ್ದಾಣದಲ್ಲಿ ಹೋಗಿ ನಿಂತಳು.